‘ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ’ ಎಂಬ ಬೋರ್ಡಿನ ಕೆಳಗೆ

ಮಂಡ್ಯದಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯ ಬದಿಯಲ್ಲಿ ನನಗೆ ಪರಿಚಯದ ಒಂದು ಬಾರ್ ಆಂಡ್ ರೆಸ್ಟೋರೆಂಟ್ ಇದೆ. ಅದರ ಕ್ಯಾಷ್ ಟೇಬಲ್ಲಿನ ಹಿಂದಿನ ಗೋಡೆಯಲ್ಲಿ ಮೂರು ಚೌಕಟ್ಟುಗಳು ಸಾಲಾಗಿ ತೂಗುತ್ತವೆ. ಮೊದಲನೆಯದು ಚಾಮುಂಡೇಶ್ವರಿಯ ಫೋಟೋ, ಎರಡನೆಯದು ಅಬಕಾರಿ ಇಲಾಖೆ ಕೊಟ್ಟ ಸನ್ನದು, ಎಂದರೆ ಮದ್ಯ ಮಾರುವ ಲೈಸೆನ್ಸು, ಮೂರನೆಯದು ‘ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ’ ಎಂಬ ಬೋರ್ಡು. ಆ ಬಾರಿನ ಮಾಲೀಕ ನಮ್ಮೂರಿನವನೇ, ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಚಿಕ್ಕವನು. ಮಂಡ್ಯದ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ನನಗೆ ಅವನ ಬಾರಿನ ವ್ಯವಹಾರದಲ್ಲಿ ಏನೂ ಪಾಲಿಲ್ಲದಿದ್ದರೂ, ತಾಪತ್ರಯಗಳಲ್ಲಿ ಮಾತ್ರ ಸದಾ ಪಾಲಿರುತ್ತದೆ.

ಕಳೆದ ವರ್ಷ ಮಾರ್ಗಶಿರದ ಒಂದು ರಾತ್ರಿ ಅಲ್ಲಿ ಒಂದು ಗಲಾಟೆಯಾಯಿತು. ಕಬ್ಬಿನ ಹಣ ಅಂದೇ ಕೈಗೆ ಬಂದಿದ್ದ ರೈತರೊಬ್ಬರು ಎರಡು ಕ್ವಾರ್ಟರ್ ಮುಗಿಸಿ ಮೂರನೆಯದನ್ನು ಕೇಳಿದರು. ಸಪ್ಲೈಯರ್ ಹುಡುಗ ‘ಸಾಕು’ ಎಂದ. ಅವರು ಗ್ಲಾಸನ್ನು ನೆಲಕ್ಕೆ ಅಪ್ಪಳಿಸಿದರು. ಕ್ಯಾಷಿಯರ್ ಎದ್ದು ಬಂದು ಹೊರಗೆ ಹೋಗುವಂತೆ ಹೇಳಿದಾಗ ಅವರು ಕುರ್ಚಿಯಿಂದ ಏಳಲಿಲ್ಲ. ಇಬ್ಬರು ಹುಡುಗರು ರಟ್ಟೆ ಹಿಡಿದು ಎಳೆದುಕೊಂಡು ಹೋದರು, ಮೆಟ್ಟಿಲ ಮೇಲೆ ಅವರು ಜಾರಿ ಬಿದ್ದು ಮೊಣಕೈ ತರಚಿತು. ಬಿಲ್ಲು ಬಾಕಿ ಇದ್ದುದರಿಂದ ಅವರ ಮೊಬೈಲನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಾಯಿತು. ಮರುದಿನ ಅವರ ಮಗ ಠಾಣೆಗೆ ಹೋಗಿ ದೂರು ಕೊಟ್ಟ. ಅದರ ಪ್ರತಿಯನ್ನು ಹಿಡಿದು ನನ್ನ ಕಚೇರಿಗೆ ಬಂದ ಮಾಲೀಕ ಕುಳಿತುಕೊಳ್ಳುವ ಮೊದಲೇ ಕೇಳಿದ ಪ್ರಶ್ನೆ ಇದು: “ನಮ್ ಬಾರು, ನಮ್ಮಿಷ್ಟ ಅಲ್ವೇನಣ್ಣ? ಬೋರ್ಡು ಬೇರೆ ಹಾಕಿವ್ನಲ್ಲ?”

ಅವನಿಗೆ ಅಂದು ಕೊಟ್ಟ ಉತ್ತರ ಚಿಕ್ಕದು. ಇಲ್ಲಿ ಅದನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಬಾರಿನ ಒಳಗೆ ಕೂರುವವರೂ ಅದನ್ನು ನಡೆಸುವವರೂ ಈ ವಿಷಯದಲ್ಲಿ ಒಂದೇ ತಪ್ಪು ತಿಳಿವಳಿಕೆಯನ್ನು ಇಟ್ಟುಕೊಂಡಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಗಿರಾಕಿಗೆ ಮದ್ಯ ಕೊಡಲು ನಿರಾಕರಿಸುವುದು ಮಾಲೀಕನ ‘ಹಕ್ಕು’ ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರು ಅದನ್ನು ಜಂಬದಿಂದ ಹೇಳುತ್ತಾರೆ, ಇನ್ನೊಬ್ಬರು ಸಿಟ್ಟಿನಿಂದ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ನಮ್ಮ ಕಾನೂನಿನಲ್ಲಿ ಅದು ಬಹುಪಾಲು ಹಕ್ಕಲ್ಲ, ಕರ್ತವ್ಯ. ಹಕ್ಕು ಎಂದು ಉಳಿಯುವುದು ಗದ್ದೆಯ ಬದುವಿನಷ್ಟು ಸಣ್ಣ ಜಾಗ ಮಾತ್ರ.

ಮೊದಲಿಗೆ ಸನ್ನದಿನ ಮಾತು. ಕಿರಾಣಿ ಅಂಗಡಿಯನ್ನು ತೆರೆಯುವವನಿಗೆ ವ್ಯಾಪಾರ ಮಾಡುವ ಮೂಲಭೂತ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಡುತ್ತದೆ. ಮದ್ಯದ ವ್ಯಾಪಾರಕ್ಕೆ ಆ ಆಸರೆ ಇಲ್ಲ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1994ರಲ್ಲಿಯೇ, ಮಾದಕ ಪಾನೀಯಗಳ ವ್ಯಾಪಾರ ಮಾಡುವ ಮೂಲಭೂತ ಹಕ್ಕು ಯಾರಿಗೂ ಇಲ್ಲವೆಂದೂ, ಸರ್ಕಾರ ಅದನ್ನು ಪೂರ್ತಿಯಾಗಿ ನಿಷೇಧಿಸಬಹುದು ಅಥವಾ ತನಗೆ ಸರಿಕಂಡ ಷರತ್ತುಗಳೊಡನೆ ಅನುಮತಿಸಬಹುದೆಂದೂ ಹೇಳಿತು. ಪಾನನಿರೋಧದ ಕಡೆಗೆ ಸಾಗಬೇಕೆಂದು ಸರ್ಕಾರಕ್ಕೆ ಹೇಳುವ 47ನೇ ವಿಧಿ ಇದರ ಹಿಂದೆ ಇದೆ. ಹೀಗಾಗಿ ‘ನಮ್ಮ ಬಾರು’ ಎನ್ನುವಾಗ ಕಟ್ಟಡ, ಕುರ್ಚಿ, ಫ್ರಿಜ್ಜುಗಳು ಅವನವಾದರೂ, ಅಲ್ಲಿ ಒಂದು ಪೆಗ್ಗನ್ನು ಸುರಿಯುವ ಅಧಿಕಾರ ಸರ್ಕಾರದಿಂದ ಷರತ್ತಿನ ಮೇಲೆ ಪಡೆದ ಕಡ. ಷರತ್ತು ಮುರಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ 29ನೇ ಸೆಕ್ಷನ್ನಿನ ಪ್ರಕಾರ ಸನ್ನದನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು.

ಆ ಷರತ್ತುಗಳಲ್ಲಿ ‘ಕೊಡಬಾರದು’ ಎನ್ನುವ ಮಾತುಗಳೇ ಹೆಚ್ಚು. ಆಗಲೇ ಅಮಲೇರಿದವನಿಗೆ ಮತ್ತೆ ಮದ್ಯ ಮಾರಬಾರದು. ಸನ್ನದಿನ ಸ್ಥಳದಲ್ಲಿ ಕುಡಿದು ದಾಂಧಲೆ ಮಾಡುವುದಕ್ಕೂ ಜೂಜಾಡುವುದಕ್ಕೂ ಎಡೆಗೊಡಬಾರದು. ಎಡೆಗೊಟ್ಟರೆ ಅದೇ ಕಾಯ್ದೆಯ 36ನೇ ಸೆಕ್ಷನ್ನಿನಡಿ ತಪ್ಪಿತಸ್ಥನಾಗುವವನು ಕುಡಿದವನಲ್ಲ, ಸನ್ನದುದಾರ. ವಯಸ್ಸಿನ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಒಂದು ವಿಚಿತ್ರ ಗಂಟು ಇದೆ. ಕಾಯ್ದೆ ಹದಿನೆಂಟರ ಮಾತಾಡುತ್ತದೆ, ಆದರೆ 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಾವಳಿ ಇಪ್ಪತ್ತೊಂದು ತುಂಬದವರಿಗೆ ಮಾರಬಾರದು ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ ಹದಿನೆಂಟಕ್ಕೆ ಇಳಿಸುವ ಕರಡನ್ನು ಸರ್ಕಾರ ಹೊರಡಿಸಿ, ವಿರೋಧ ಬಂದ ಕೂಡಲೇ ಹಿಂತೆಗೆದುಕೊಂಡಿತು. ಆದ್ದರಿಂದ ಮೈಸೂರಿನ ಕಾಲೇಜುಗಳ ಸುತ್ತಮುತ್ತಲಿನ ಬಾರಿನವರು ಹತ್ತೊಂಬತ್ತರ ಹುಡುಗರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರೆ ಅದು ದರ್ಪವಲ್ಲ, ನಿಯಮ ಪಾಲನೆ. ‘ಓಟು ಹಾಕಲು ಬರುತ್ತದೆ, ಬಿಯರ್ ಕುಡಿಯಲು ಬರುವುದಿಲ್ಲವೇ’ ಎಂಬ ವಾದ ನನಗೂ ಒಂದು ಕಾಲಕ್ಕೆ ಹಿಡಿಸಿತ್ತು. ಆದರೆ ಅದನ್ನು ಮಂಡಿಸಬೇಕಾದ ಜಾಗ ವಿಧಾನಸಭೆಯೇ ಹೊರತು ಬಾರಿನ ಬಾಗಿಲಲ್ಲ.

ಹಾಗೆಯೇ, ‘ವೈನ್ ಸ್ಟೋರ್’ ಎಂದು ನಾವು ಕರೆಯುವ, ಸಿಎಲ್-2 ಎಂಬ ವರ್ಗದ ಸನ್ನದಿನ ಅಂಗಡಿಗಳಲ್ಲಿ ಬಾಟಲಿ ಕೊಳ್ಳಬಹುದೇ ಹೊರತು ಅಲ್ಲೇ ನಿಂತು ಕುಡಿಯುವಂತಿಲ್ಲ. ಕೌಂಟರಿನ ಮುಂದೆ ನಿಂತವರನ್ನು ಆಚೆ ಕಳಿಸುವುದು ಆ ಅಂಗಡಿಯವನ ಸನ್ನದಿನ ಷರತ್ತೇ ಹೌದು. ಕೂತು ಕುಡಿಯಲು ಅವಕಾಶವಿರುವುದು ಸಿಎಲ್-9 ಬಾರುಗಳಲ್ಲಿ, ಸಿಎಲ್-7 ಹೋಟೆಲುಗಳಲ್ಲಿ ಮತ್ತು ಸದಸ್ಯರಾಗಿದ್ದರೆ ಸಿಎಲ್-4 ಕ್ಲಬ್ಬುಗಳಲ್ಲಿ. ಇನ್ನು ಚುನಾವಣೆಯ ಸಮಯದಲ್ಲಿ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆಗಳ ಕಾಲ ಯಾರಿಗೂ ಕೊಡುವಂತಿಲ್ಲ. ಆ ದಿನಗಳಲ್ಲಿ ‘ನಾನು ಯಾರು ಗೊತ್ತಾ’ ಎಂದು ಹಿಂದಿನ ಬಾಗಿಲು ತಟ್ಟುವವರ ಸಂಖ್ಯೆ ಮಾತ್ರ ಮಂಡ್ಯದಲ್ಲಿ ಎಂದೂ ಕಡಿಮೆಯಾಗಿಲ್ಲ.

ಅಮಲೇರಿದವನು ಯಾರು ಎಂಬುದನ್ನು ಅಳೆಯಲು ಬಾರಿನಲ್ಲಿ ಯಂತ್ರವಿಲ್ಲ. ವಾಹನ ಓಡಿಸುವವನಿಗಾದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂದು ಗೆರೆ ಎಳೆದಿದೆ. ಕುರ್ಚಿಯಲ್ಲಿ ಕುಳಿತವನಿಗೆ ಅಂಥ ಗೆರೆ ಇಲ್ಲ, ಅಲ್ಲಿ ಸಪ್ಲೈಯರಿನ ಕಣ್ಣೇ ಅಳತೆ. ಈ ಹುಡುಗರ ಕಣ್ಣಿನ ಬಗ್ಗೆ ನನಗೆ ಗೌರವವಿದೆ. ಗಿರಾಕಿ ಒಂದೇ ಮಾತನ್ನು ಮೂರು ಸಲ ಹೇಳತೊಡಗಿದಾಗ, ನಂಚಿಕೊಳ್ಳಲು ತಂದಿಟ್ಟ ಕಡಲೆಬೀಜ ಬಾಯಿಯ ಬದಲು ಅಂಗಿಯ ಮೇಲೆ ಬೀಳತೊಡಗಿದಾಗ, ಪಕ್ಕದ ಟೇಬಲ್ಲಿನವರ ಮಾತಿಗೆ ಇವರು ಉತ್ತರ ಕೊಡತೊಡಗಿದಾಗ, ಅವರಿಗೆ ತಿಳಿದುಹೋಗುತ್ತದೆ. ಆಗ ನೀರಿನ ಬಾಟಲಿ ಮುಂದಕ್ಕೆ ಬರುತ್ತದೆ, ಊಟ ಹೇಳಿ ಎಂಬ ಒತ್ತಾಯ ಶುರುವಾಗುತ್ತದೆ, ಕೇಳಿದ ನೈಂಟಿ ಬರುವುದು ತಡವಾಗುತ್ತದೆ. ಕಾನೂನು ಒಂದು ವಾಕ್ಯದಲ್ಲಿ ಹೇಳಿ ಕೈತೊಳೆದುಕೊಂಡಿರುವ ಕೆಲಸವನ್ನು ತಿಂಗಳ ಸಂಬಳದ ಈ ಹುಡುಗರು ದಿನವೂ ರಾತ್ರಿ ಮಾಡುತ್ತಾರೆ. ಅಂದಿನ ಗಲಾಟೆಯಲ್ಲಿ ಮೂರನೆಯ ಕ್ವಾರ್ಟರನ್ನು ನಿರಾಕರಿಸಿದ ಹುಡುಗ ಮಾಡಿದ್ದು ನೂರಕ್ಕೆ ನೂರು ಸರಿ ಎಂದು ನಾನು ಮಾಲೀಕನಿಗೆ ಹೇಳಿದೆ. ಕೊಟ್ಟಿದ್ದರೇ ತಪ್ಪಾಗುತ್ತಿತ್ತು.

ಇನ್ನು ನಿರಾಕರಿಸಲೇಬಾರದ ಕಡೆಗೆ ಬರೋಣ, ಏಕೆಂದರೆ ಗೋಡೆಯ ಬೋರ್ಡು ಅತ್ಯಂತ ಸುಳ್ಳಾಗುವುದು ಇಲ್ಲಿ. ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣದಿಂದ ಮಾತ್ರವೇ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ರೆಸ್ಟೋರೆಂಟು, ಹೋಟೆಲು, ಮನರಂಜನೆಯ ಸ್ಥಳಗಳ ಪ್ರವೇಶಕ್ಕೆ ಅಡ್ಡಿ ಮಾಡಬಾರದು ಎನ್ನುತ್ತದೆ. ಮೂಲಭೂತ ಹಕ್ಕುಗಳು ಸಾಮಾನ್ಯವಾಗಿ ಸರ್ಕಾರದ ಕೈ ಕಟ್ಟುತ್ತವೆ, ಈ ಖಂಡವಾದರೋ ಖಾಸಗಿ ಮಾಲೀಕನ ಕೈಯನ್ನೂ ಕಟ್ಟುತ್ತದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಎಂದರೇನು ಎಂಬ ಪ್ರಶ್ನೆ ಎದ್ದಾಗ, ತನ್ನ ಸೇವೆಯನ್ನು ಬಯಸಿ ಬಂದ ಯಾರಿಗೇ ಆದರೂ ಒದಗಿಸಲು ಮಾಲೀಕ ಸಿದ್ಧನಾಗಿರುವ ಜಾಗವೇ ಅಂಗಡಿ ಎಂಬ ವಿಶಾಲ ಅರ್ಥವನ್ನು ಡಾ. ಅಂಬೇಡ್ಕರ್ ಕೊಟ್ಟಿದ್ದರು. ಬಾಗಿಲು ತೆರೆದು, ದೀಪದ ಬೋರ್ಡು ಹಾಕಿ, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದ ಮೇಲೆ ‘ನೀನು ಬೇಡ’ ಎನ್ನಲು ಜಾತಿ ಕಾರಣವಾಗುವಂತಿಲ್ಲ.

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದಕ್ಕೆ ಹಲ್ಲು ಕೊಟ್ಟಿದೆ. ಅಸ್ಪೃಶ್ಯತೆಯ ಕಾರಣಕ್ಕೆ ರೆಸ್ಟೋರೆಂಟಿನೊಳಗೆ ಬಿಡದಿರುವುದು ಮಾತ್ರವಲ್ಲ, ಅಲ್ಲಿ ಎಲ್ಲರಿಗೂ ಇಟ್ಟ ಪಾತ್ರೆಗಳನ್ನು ಬಳಸಲು ಬಿಡದಿರುವುದೂ ಅಪರಾಧ. ಬೇರೆಯವರಿಗೆ ಕೊಡುವ ಹೊತ್ತಿನಲ್ಲಿ, ಕೊಡುವ ಜಾಗದಲ್ಲಿ, ಅದೇ ರೀತಿಯಲ್ಲಿ ಮಾರದಿರುವುದೂ ಅಪರಾಧ. ಕಟ್ಟಡದ ಹಿಂದಿನ ಕಿಟಕಿಯಲ್ಲಿ ಪ್ಲಾಸ್ಟಿಕ್ ಲೋಟಕ್ಕೆ ಸುರಿದುಕೊಟ್ಟು ‘ಕೊಟ್ಟಿದ್ದೇನಲ್ಲ’ ಎನ್ನುವ ಜಾಣತನ ಇಲ್ಲಿ ನಡೆಯುವುದಿಲ್ಲ. ಬಾರಿನವರು ಗಮನಿಸಬೇಕಾದ ಇನ್ನೆರಡು ಅಂಶಗಳು ಅದೇ ಕಾಯ್ದೆಯಲ್ಲಿವೆ. ನಿರಾಕರಣೆಗೆ ಗುರಿಯಾದವರು ಪರಿಶಿಷ್ಟ ಜಾತಿಯವರಾಗಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತೆಂದು ನ್ಯಾಯಾಲಯ ಭಾವಿಸಿಕೊಂಡು ಹೊರಡುತ್ತದೆ, ಹಾಗಲ್ಲವೆಂದು ತೋರಿಸುವ ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಮಾರಲು ನಿರಾಕರಿಸಿದ್ದಕ್ಕೆ ಶಿಕ್ಷೆಯಾದರೆ ಆ ವ್ಯಾಪಾರದ ಲೈಸೆನ್ಸನ್ನೇ ರದ್ದು ಮಾಡಲು ನ್ಯಾಯಾಲಯ ಹೇಳಬಹುದು. ‘ಅವನು ಕುಡಿದಿದ್ದ, ಅದಕ್ಕೇ ಕೊಡಲಿಲ್ಲ’ ಎಂಬುದು ನಿಜವಾದ ಕಾರಣವಾಗಿದ್ದರೆ, ಅದೇ ಹೊತ್ತಿನಲ್ಲಿ ಅಷ್ಟೇ ಕುಡಿದಿದ್ದ ಇನ್ನೊಬ್ಬನಿಗೂ ಕೊಟ್ಟಿರಬಾರದು. ಪ್ರಶ್ನೆ ಬರುವುದು ಅಲ್ಲಿಯೇ. ಸಿಸಿಟಿವಿ ಇಬ್ಬರಿಗೂ ಸಾಕ್ಷಿ.

ಹೆಂಗಸರ ವಿಷಯದಲ್ಲಿ ಇಷ್ಟು ಹರಿತವಾದ ದಂಡ ಕಾಯ್ದೆ ಇಲ್ಲದಿದ್ದರೂ 15ನೇ ವಿಧಿಯ ಪಟ್ಟಿಯಲ್ಲಿ ಲಿಂಗವೂ ಇದೆ. ಬಾರುಗಳಲ್ಲಿ ಹೆಂಗಸರು ಕೆಲಸ ಮಾಡಬಾರದೆಂಬ ಪಂಜಾಬಿನ ಹಳೆಯ ಅಬಕಾರಿ ಕಾಯ್ದೆಯ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2007ರಲ್ಲಿ ಹೊಡೆದುಹಾಕಿತು. ‘ನಿಮ್ಮ ಸುರಕ್ಷತೆಗಾಗಿಯೇ ನಿಮ್ಮನ್ನು ಹೊರಗಿಡುತ್ತೇವೆ’ ಎಂಬ ತರ್ಕವನ್ನು ಅಂದು ನ್ಯಾಯಾಲಯ ಒಪ್ಪಲಿಲ್ಲ. ಮಂಡ್ಯದ ಬಾರಿಗೆ ಇಬ್ಬರು ಹೆಂಗಸರು ಗಂಡಸರ ಜೊತೆಯಿಲ್ಲದೆ ಬಂದರೆ ಮ್ಯಾನೇಜರ್ ಮೊದಲು ಆಡುವ ಮಾತೂ ಇದೇ ತರ್ಕದ್ದು. ಲಿಂಗತ್ವ ಅಲ್ಪಸಂಖ್ಯಾತರಿಗೆ ಸಾರ್ವಜನಿಕ ಸ್ಥಳದ ಪ್ರವೇಶ ನಿರಾಕರಿಸಿದರೆ ಅವರ ಹಕ್ಕುಗಳ ಸಂರಕ್ಷಣೆಗಾಗಿ ಬಂದ 2019ರ ಕಾಯ್ದೆಯಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಇದೆ.

ಹಾಗಾದರೆ ಮಾಲೀಕನ ಇಷ್ಟಕ್ಕೆ ಉಳಿದಿದ್ದೇನು? ಹಳೆಯ ಬಾಕಿ ತೀರಿಸದವನಿಗೆ ಕೊಡದಿರಬಹುದು. ಹಿಂದೊಮ್ಮೆ ಜಗಳ ತೆಗೆದವನನ್ನು ಸೇರಿಸದಿರಬಹುದು. ಹೊರಗಿನಿಂದ ಬಾಟಲಿ ತಂದವನಿಗೆ ಕುರ್ಚಿ ಇಲ್ಲವೆನ್ನಬಹುದು. ಜಾಗ ಇಲ್ಲದಿದ್ದರೆ ಇಲ್ಲ. ಉಡುಪಿನ ನಿಯಮವನ್ನೂ ಹಾಕಬಹುದು, ಉಡುಪು 15ನೇ ವಿಧಿಯ ಪಟ್ಟಿಯಲ್ಲಿ ಇಲ್ಲ. ಆದರೆ ಅಲ್ಲಿಯೂ ಹುಷಾರಾಗಿರಬೇಕು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಕಾವಲುಗಾರ ಒಳಗೆ ಬಿಡದಿದ್ದಾಗ, ವಿಷಯ ವಿಧಾನಸಭೆಯವರೆಗೂ ಹೋಗಿ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಮೈಸೂರಿನ ಯಾವುದಾದರೂ ಪಬ್ಬು ಪಂಚೆ ನಿಷೇಧಿಸಿದರೆ ಏನಾದೀತೋ ಕಾಣೆ, ಮಂಡ್ಯದ ಬಾರು ನಿಷೇಧಿಸಿದರೆ ಅದಕ್ಕೆ ಗಿರಾಕಿಯೇ ಉಳಿಯುವುದಿಲ್ಲ.

ನನ್ನ ಬಳಿ ಬಂದಿದ್ದ ಮಾಲೀಕನ ತೊಂದರೆ ನಿರಾಕರಣೆಯದಲ್ಲ, ಹೊರಹಾಕಿದ ರೀತಿಯದು. ಅಂಗಡಿಯೊಳಕ್ಕೆ ಬಂದ ಗಿರಾಕಿ ಮಾಲೀಕನ ಅನುಮತಿಯಿಂದ ಬಂದಿರುತ್ತಾನೆ, ಆ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು, ಹಿಂತೆಗೆದುಕೊಂಡ ಮೇಲೆ ಹೊರಡಲು ಸಾಕಷ್ಟು ಸಮಯ ಕೊಡಬೇಕು. ಇದು ಬಹಳ ಹಳೆಯ ತತ್ವ. ಇಂಗ್ಲೆಂಡಿನ ಡಾಂಕಾಸ್ಟರ್ ಎಂಬ ಊರಿನ ಕುದುರೆ ರೇಸಿನಲ್ಲಿ ಒಂದು ಗಿನಿ ಕೊಟ್ಟು ಟಿಕೆಟ್ ಕೊಂಡಿದ್ದವನನ್ನು ಹೊರಹಾಕಿದಾಗ, 1845ರಲ್ಲಿ ಅಲ್ಲಿನ ನ್ಯಾಯಾಲಯ ಹಣ ಕೊಟ್ಟಿದ್ದರೂ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು ಎಂದಿತು. ಚಾಮುಂಡಿ ಬೆಟ್ಟದ ತಪ್ಪಲಿನ ನಮ್ಮ ರೇಸ್ ಕೋರ್ಸನ್ನು ದಾಟುವಾಗಲೆಲ್ಲ ನನಗೆ ಆ ಮೊಕದ್ದಮೆ ನೆನಪಾಗುತ್ತದೆ. ಎಪ್ಪತ್ತು ವರ್ಷದ ನಂತರ, 1915ರಲ್ಲಿ, ಟಿಕೆಟ್ ಕೊಂಡಿದ್ದರೂ ಕೊಂಡಿಲ್ಲವೆಂದು ತಪ್ಪು ತಿಳಿದು ಸಿನಿಮಾ ಮಂದಿರದಿಂದ ಹೊರಹಾಕಲ್ಪಟ್ಟವನಿಗೆ ಅದೇ ದೇಶದ ಮೇಲ್ಮನವಿ ನ್ಯಾಯಾಲಯ 150 ಪೌಂಡ್ ಪರಿಹಾರವನ್ನು ಎತ್ತಿಹಿಡಿಯಿತು. ಹಣ ಪಡೆದು, ತಪ್ಪೇನೂ ಮಾಡದವನನ್ನು ಅರ್ಧದಲ್ಲಿ ಎಬ್ಬಿಸಿದರೆ ಬೆಲೆ ತೆರಬೇಕು. ಗ್ಲಾಸು ಒಡೆದವನ ಕಥೆ ಬೇರೆ.

ಗ್ಲಾಸು ಒಡೆದವನನ್ನು ಸಹ ಮುಟ್ಟುವುದಕ್ಕೆ ಮಿತಿಯಿದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್ನುಗಳು ಶರೀರ ಮತ್ತು ಸ್ವತ್ತಿನ ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅವುಗಳಲ್ಲಿ 37ನೆಯದು ಎರಡು ಬೇಲಿ ಹಾಕುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ, ಇರುವಾಗಲೂ ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಮಾಡುವಂತಿಲ್ಲ. ಅವರು ಇನ್ನೊಬ್ಬನ ಮೇಲೆ ಬಾಟಲಿ ಎತ್ತಿದ್ದರೆ ತಡೆದು ಹಿಡಿಯಬಹುದಿತ್ತು. ಗ್ಲಾಸು ಒಡೆದು ಸುಮ್ಮನೆ ಕುಳಿತಿದ್ದವರನ್ನು ಎಳೆಯುವ ಬದಲು 112ಕ್ಕೆ ಕರೆ ಮಾಡಬಹುದಿತ್ತು. ಎದ್ದು ಹೋಗೆಂದ ಮೇಲೂ ಕೂರುವುದು ಅತಿಕ್ರಮ ಪ್ರವೇಶವಲ್ಲವೇ ಎಂದು ಮಾಲೀಕ ಕೇಳಿದ. 329ನೇ ಸೆಕ್ಷನ್ನಿನ ಪ್ರಕಾರ, ನ್ಯಾಯವಾಗಿ ಒಳಬಂದವನು ಬೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಅಥವಾ ಅಪರಾಧ ಎಸಗುವ ಉದ್ದೇಶದಿಂದ ಉಳಿದುಕೊಂಡರೆ ಮಾತ್ರ ಅದು ಅಪರಾಧ. ಕಾಲು ಸ್ವಾಧೀನದಲ್ಲಿಲ್ಲದೆ ಕುಳಿತವನಲ್ಲಿ ಆ ಉದ್ದೇಶವನ್ನು ಸಾಬೀತು ಮಾಡುವುದು ಸುಲಭವಲ್ಲ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಕಿರಿಕಿರಿ ಮಾಡುವವನಿಗೆ 355ನೇ ಸೆಕ್ಷನ್ನಿನಲ್ಲಿ 24 ಗಂಟೆಯವರೆಗಿನ ಸಾದಾ ಸೆರೆ, ಸಾವಿರ ರೂಪಾಯಿವರೆಗಿನ ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ಇದೆ. ಆದರೆ ಅದನ್ನು ವಿಧಿಸುವುದು ನ್ಯಾಯಾಧೀಶರು, ಸಪ್ಲೈಯರ್ ಅಲ್ಲ.

ಮೊಬೈಲಿನ ವಿಷಯ ಇನ್ನೂ ಕೆಟ್ಟದು. ಬಿಲ್ಲು ಕೊಡದವನ ಮೊಬೈಲನ್ನೋ ಬೈಕಿನ ಕೀಯನ್ನೋ ಕಿತ್ತಿಟ್ಟುಕೊಳ್ಳುವುದು ನಮ್ಮ ಕಡೆಯ ಬಾರುಗಳಲ್ಲಿ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಬರಬೇಕಾದ ಬಾಕಿಗಾಗಿಯೇ ಆದರೂ, ಒಪ್ಪಿಗೆಯಿಲ್ಲದೆ ಇನ್ನೊಬ್ಬನ ಕೈಯಿಂದ ವಸ್ತುವನ್ನು ಕಿತ್ತುಕೊಂಡರೆ ಅದು ಕಳವಾಗಬಹುದು ಎಂದು ನಮ್ಮ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲಿಯೇ ಹೇಳಿವೆ. ಬಾಗಿಲು ಹಾಕಿ ಕೂರಿಸಿಕೊಂಡರೆ ಅಕ್ರಮ ಬಂಧನ. ಬಾಕಿಯನ್ನು ಬರೆದುಕೊಂಡು ಕಳಿಸುವುದೇ ದಾರಿ, ಬರದಿದ್ದರೆ ಮುಂದಿನ ಸಲ ಕೊಡದಿರುವ ಸ್ವಾತಂತ್ರ್ಯ ಅವನಿಗೆ ಇದ್ದೇ ಇದೆ. ಕುಡಿದು ಬೈಕು ಹತ್ತಲು ಹೊರಟವನಿಂದ ಕೀ ಕೇಳಿ ಪಡೆದು, ಆಟೋ ಕರೆಸಿ, ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗಲು ಹೇಳುವುದು ಬೇರೆಯೇ ಕೆಲಸ, ಅದನ್ನು ನಾನು ಯಾರಿಗೂ ಬೇಡವೆನ್ನಲಾರೆ. ರಾತ್ರಿ ಹನ್ನೊಂದರ ಮೇಲೆ ವಿ.ಸಿ. ನಾಲೆಯ ಏರಿಯ ಮೇಲೆ ಒಂಟಿಯಾಗಿ ಊರಿಗೆ ಹೋಗುವ ದಾರಿಯನ್ನು ಬಲ್ಲವರಿಗೆ, ಹೊರಹಾಕುವುದು ಎಂದರೆ ಮೆಟ್ಟಿಲಿಂದ ಕೆಳಗೆ ಇಳಿಸುವುದಷ್ಟೇ ಅಲ್ಲ ಎಂಬುದನ್ನು ವಿವರಿಸಬೇಕಿಲ್ಲ.

ಪ್ರಕರಣ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಮಾಲೀಕ ಆಸ್ಪತ್ರೆಯ ಖರ್ಚು ಕೊಟ್ಟ, ಮೊಬೈಲ್ ಅದಕ್ಕೆ ಮೊದಲೇ ಹಿಂದಕ್ಕೆ ಹೋಗಿತ್ತು, ರೈತರು ಎರಡು ಕ್ವಾರ್ಟರಿನ ಬಿಲ್ಲನ್ನೂ ಒಡೆದ ಗ್ಲಾಸಿನ ಹಣವನ್ನೂ ಅಲ್ಲೇ ಎಣಿಸಿ ಇಟ್ಟರು. ನ್ಯಾಯಾಲಯದ ಆವರಣದ ಹುಣಸೆಮರದ ಕೆಳಗೆ ಮಾಲೀಕ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮುಂದೆ ಅವರನ್ನು ಸೇರಿಸದಿದ್ದರೆ ನಡೆಯುತ್ತದೆಯೇ ಎಂದು ಕೇಳಿದ. ನಡೆಯುತ್ತದೆ ಎಂದೆ. ಅವರ ಫೋಟೋವನ್ನು ಕ್ಯಾಷ್ ಟೇಬಲ್ಲಿನ ಮೇಲೆ ಅಂಟಿಸಿ ‘ಇವರಿಗೆ ಕೊಡಬಾರದು’ ಎಂದು ಬರೆಸಬಹುದೇ ಎಂದ. ಬಂದು ಹೋಗುವವರೆಲ್ಲ ನೋಡುವಂತೆ ಹಾಕಿದರೆ ಮಾನಹಾನಿಯ ಇನ್ನೊಂದು ಕೇಸು ಹುಟ್ಟುತ್ತದೆ, ಹುಡುಗರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು ಎಂದೆ.

ಯುಗಾದಿಯ ಹೊಸತೊಡಕಿನ ಮರುದಿನ ನಾನು ಆ ದಾರಿಯಲ್ಲಿ ಬರುವಾಗ ಊಟಕ್ಕೆಂದು ಒಳಗೆ ಹೋದೆ. ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಅದೇ ರೈತರು ಕುಳಿತಿದ್ದರು, ಮುಂದೆ ಒಂದು ನೈಂಟಿ, ಒಂದು ತಟ್ಟೆ ಬೋಟಿ. ಮಾಲೀಕನ ಕಡೆಗೆ ನೋಡಿದೆ. “ನಮ್ ಸೋದರತ್ತೆ ಊರಿನೋರು ಕಣಣ್ಣ, ಆಮೇಲೆ ಗೊತ್ತಾಯ್ತು” ಎಂದು ಅವನು ಬಿಲ್ಲಿನ ಪುಸ್ತಕದ ಕಡೆಗೆ ತಿರುಗಿಕೊಂಡ.